ಲೈವ್‌ವೆಲ್ ಪಂಪು ಕೈಕೊಟ್ಟಾಗ ಮೊದಲು ಅದರ ಸದ್ದು ಕೇಳಿ

ಹಿಡಿದ ಮೀನು ಅಥವಾ ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನು ಜೀವಂತವಾಗಿರಲೆಂದು ದೋಣಿಯಲ್ಲಿ ಇಟ್ಟಿರುವ ತೊಟ್ಟಿಯೇ ಲೈವ್‌ವೆಲ್. ಹೊರಗಿನ ತಾಜಾ ನೀರನ್ನು ಅದಕ್ಕೆ ತುಂಬುವುದು 12 ವೋಲ್ಟಿನ ಒಂದು ಪುಟ್ಟ ಪಂಪು. ಬಿಸಿಲು ಏರಿದ ಹೊತ್ತಿನಲ್ಲಿ ಅದು ನಿಂತರೆ ತೊಟ್ಟಿಯ ಮೀನು ಮೇಲೆ ಬಂದು ಬಾಯಿ ಬಿಡಲು ಹೆಚ್ಚು ಸಮಯ ಬೇಕಿಲ್ಲ.

ಪಂಪು ಸತ್ತಿತೆಂದು ಬಿಚ್ಚಿ ಎಸೆದು ಹೊಸದು ತಂದು ಹಾಕಿದವರಲ್ಲಿ ನಾನೂ ಒಬ್ಬ. ಹೊಸದೂ ತಿರುಗಲಿಲ್ಲ. ದೋಷವಿದ್ದದ್ದು ಪಂಪಿನಿಂದ ಒಂದು ಗೇಣು ಆಚೆ, ವೈರು ಸೇರಿಸಿದ ಜಾಗದಲ್ಲಿ. ಟೇಪು ಬಿಚ್ಚಿದರೆ ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಅಂದಿನಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಸದ್ದು ಬರುತ್ತಿದೆಯೇ? ನೀರು ಬರುತ್ತಿದೆಯೇ? ಈ ಎರಡರ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ನೀರು ಬರುವ ದಾರಿ

ದೋಣಿಯ ಹಿಂಬದಿಯ ತಳದಲ್ಲಿ ಒಂದು ರಂಧ್ರ, ಅದಕ್ಕೊಂದು ಜಾಲರಿ. ಅಲ್ಲಿಂದ ವಾಲ್ವ್, ಆಮೇಲೆ ಪಂಪು, ಪಂಪಿನಿಂದ ಹೋಸ್ ಪೈಪು, ಕೊನೆಗೆ ತೊಟ್ಟಿಯ ಮೇಲ್ಭಾಗದಲ್ಲಿ ನೀರು ಚಿಮ್ಮಿಸುವ ನಳಿಕೆ. ತೊಟ್ಟಿ ತುಂಬಿದ ಮೇಲೆ ಹೆಚ್ಚಾದ ನೀರು ಓವರ್‌ಫ್ಲೋ ಪೈಪಿನಿಂದ ಹೊರಹೋಗುತ್ತದೆ.

ಇಲ್ಲೊಂದು ಮಾತು ನೆನಪಿರಲಿ. ಇದು ಬಾವಿಯ ನೀರನ್ನು ಹೀರಿ ಮೇಲೆಳೆಯುವಂಥ ಪಂಪಲ್ಲ. ತನ್ನ ಬಳಿಗೆ ತಾನಾಗಿ ಬಂದ ನೀರನ್ನು ಮುಂದಕ್ಕೆ ತಳ್ಳುವುದಷ್ಟೇ ಅದಕ್ಕೆ ಗೊತ್ತು. ಆದ್ದರಿಂದಲೇ ಅದನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುತ್ತಾರೆ. ಒಳಗೆ ನೀರಿನ ಬದಲು ಗಾಳಿ ತುಂಬಿಕೊಂಡರೆ ಪಂಪು ಎಷ್ಟು ಜೋರಾಗಿ ತಿರುಗಿದರೂ ಪ್ರಯೋಜನವಿಲ್ಲ.

ಕೈ ಹಾಕುವ ಮೊದಲು

ದೋಣಿ ನೀರಿನ ಮೇಲಿರುವಾಗ, ವಾಲ್ವ್ ಮುಚ್ಚದೆ ಪಂಪನ್ನಾಗಲಿ ಅದರ ಹೋಸನ್ನಾಗಲಿ ಬಿಚ್ಚಬೇಡಿ. ಪಂಪು ಕೂತಿರುವುದು ದೋಣಿಯ ತಳಕ್ಕೆ ಕೊರೆದ ತೂತಿನ ಮೇಲೆ. ಅದನ್ನು ತೆಗೆದರೆ ಉಳಿಯುವುದು ತೂತು ಮಾತ್ರ. ನಿಮ್ಮ ದೋಣಿಯಲ್ಲಿ ಆ ರಂಧ್ರಕ್ಕೆ ವಾಲ್ವ್ ಇಲ್ಲವೇ ಇಲ್ಲ ಎಂದಾದರೆ ಬಿಚ್ಚುವ ಕೆಲಸವೆಲ್ಲ ದೋಣಿಯನ್ನು ದಡಕ್ಕೆ ಎಳೆದ ಮೇಲೆಯೇ.

ತಳದಲ್ಲಿ ಪೆಟ್ರೋಲ್ ವಾಸನೆ ಬಂದರೆ ಸ್ವಿಚ್ಚು ಮುಟ್ಟಬೇಡಿ, ಫ್ಯೂಸು ಕೀಳಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ಮುಚ್ಚಳಗಳನ್ನು ತೆರೆದು ಗಾಳಿಯಾಡಲು ಬಿಡಿ, ಸೋರಿಕೆ ಎಲ್ಲಿಂದೆಂದು ಗೊತ್ತಾಗುವವರೆಗೆ ಪಂಪಿನ ವಿಚಾರ ಮರೆತುಬಿಡಿ.

ದಡದ ಕರೆಂಟಿಗೆ ಚಾರ್ಜರ್ ಜೋಡಿಸಿದ್ದರೆ ಪ್ಲಗ್ ಕಿತ್ತುಬಿಡಿ. 12 ವೋಲ್ಟ್ ಕೈಗೆ ಜುಮ್ಮೆನ್ನಿಸುವುದೂ ಇಲ್ಲ. ಆದರೆ ಮನೆ ಕರೆಂಟು ಮತ್ತು ಒದ್ದೆ ದೋಣಿ ಒಂದೆಡೆ ಸೇರಿದರೆ ಜೀವಕ್ಕೇ ಸಂಚಕಾರ. ವೈರಿನ ಕೆಲಸಕ್ಕೆ ಮೊದಲು ಬ್ಯಾಟರಿಯ ಮುಖ್ಯ ಸ್ವಿಚ್ಚು ಆಫ್ ಆಗಿರಲಿ.

ಪಂಪು ತಿರುಗುವ ಸದ್ದಿದೆ, ನೀರು ಮಾತ್ರ ಇಲ್ಲ

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು ಇದು, ಎಲ್ಲಕ್ಕಿಂತ ಸುಲಭವಾಗಿ ಬಗೆಹರಿಯುವುದೂ ಇದೇ. ಮೋಟಾರು ಚೆನ್ನಾಗಿದೆ, ಕರೆಂಟೂ ಬರುತ್ತಿದೆ. ಉಳಿದದ್ದು ನೀರಿನ ದಾರಿ.

ಮೊದಲು ಒಂದು ಪೈಸೆ ಖರ್ಚಿಲ್ಲದ ತಪಾಸಣೆ. ವಾಲ್ವ್ ತೆರೆದಿದೆಯೇ? ಕೆಲವು ದೋಣಿಗಳಲ್ಲಿ ತುಂಬಿಸು, ಒಳಗೇ ಸುತ್ತಿಸು, ಖಾಲಿ ಮಾಡು ಎಂಬ ಮೂರು ಸ್ಥಾನಗಳ ಗುಬುಟು ಇರುತ್ತದೆ. ಅದು ತಪ್ಪು ಸ್ಥಾನದಲ್ಲಿದ್ದರೆ ಖಾಲಿ ತೊಟ್ಟಿಯ ನೀರನ್ನೇ ಸುತ್ತಿಸಲು ಪಂಪು ಪರದಾಡುತ್ತಿರುತ್ತದೆ. ಅನುಭವಸ್ಥರೂ ಇಲ್ಲಿ ಎಡವುತ್ತಾರೆ, ಆಮೇಲೆ ಯಾರಿಗೂ ಹೇಳುವುದಿಲ್ಲ.

ವಾಲ್ವ್ ಸರಿಯಿದ್ದರೆ ಸದ್ದನ್ನು ಗಮನಿಸಿ. ನೀರು ತಳ್ಳುತ್ತಿರುವ ಪಂಪಿನ ಸದ್ದು ತಗ್ಗಿನ ಸ್ವರದ್ದು, ಒಂದೇ ಸಮನೆ ಇರುತ್ತದೆ. ಸ್ವರ ಏರಿ ಕೀರಲಾಗಿದ್ದರೆ, ಹೊರೆಯಿಲ್ಲದೆ ಹಗುರವಾಗಿ ಓಡುತ್ತಿದ್ದರೆ, ಒಳಗೆ ಏರ್ ಕಟ್ಟಿಕೊಂಡಿದೆ. ದೋಣಿಯನ್ನು ಆಗತಾನೆ ಟ್ರೇಲರ್‌ನಿಂದ ನೀರಿಗೆ ಇಳಿಸಿದಾಗ ಹೀಗಾಗುವುದು ತೀರಾ ಸಾಮಾನ್ಯ. ದಡದಲ್ಲಿದ್ದಾಗ ಪೈಪೆಲ್ಲ ಬರಿದಾಗಿತ್ತು. ಈಗ ಕೆಳಗಿನಿಂದ ನೀರು ಬಂದರೂ ಮೇಲಿನ ಗಾಳಿಗೆ ಹೋಗಲು ದಾರಿಯಿಲ್ಲ.

ಗಾಳಿ ಬಿಡಿಸಲು ಪಂಪನ್ನು ಆಫ್ ಮಾಡಿ ಅರ್ಧ ನಿಮಿಷ ಬಿಡಿ, ಮತ್ತೆ ಆನ್ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಗುಳ್ಳೆಗಳು ತಾವಾಗಿ ಮೇಲೇರಿ ಹೋಗುವುದುಂಟು. ಆಗಲಿಲ್ಲವೆಂದರೆ ದೋಣಿಯನ್ನು ನಿಧಾನವಾಗಿ, ತೀರಾ ನಿಧಾನವಾಗಿ, ಕೆಲವು ಸೆಕೆಂಡು ಹಿಂದಕ್ಕೆ ಚಲಿಸಿ. ಹಿಂಬದಿಯ ರಂಧ್ರಕ್ಕೆ ನೀರು ಒತ್ತಿಕೊಂಡು ಬಂದು ಗಾಳಿಯನ್ನು ಆಚೆ ದಬ್ಬುತ್ತದೆ. ಅವಸರ ಮಾಡಿದರೆ ಅಲೆ ಹಿಂಬದಿಯ ಅಂಚು ಹತ್ತಿ ದೋಣಿಯೊಳಗೇ ಬರುತ್ತದೆ, ಎಚ್ಚರ. ಮೂರನೆಯ ಉಪಾಯ ತೊಟ್ಟಿಯ ಕಡೆಯಿಂದ: ನಳಿಕೆಯ ಬಾಯಿಗೆ ನೀರಿನ ಬಾಟಲಿ ಒತ್ತಿ ಹಿಡಿದು ಪೈಪಿನೊಳಕ್ಕೆ ಹಿಂಡಿ. ಪಂಪಿನ ತನಕ ನೀರು ಇಳಿದರೆ ಸಾಕು, ಆನ್ ಮಾಡಿದ ಕೂಡಲೇ ಸದ್ದಿನ ಧಾಟಿ ಬದಲಾಗುವುದು ನಿಮಗೇ ಗೊತ್ತಾಗುತ್ತದೆ.

ನೀರಿಲ್ಲದೆ ಪಂಪನ್ನು ನಿಮಿಷಗಟ್ಟಲೆ ಓಡಿಸಿ ಕಾಯಬೇಡಿ. ಅದರ ಸೀಲು ತಂಪಾಗಿರುವುದೇ ಹರಿಯುವ ನೀರಿನಿಂದ.

ಗಾಳಿಯ ಲಕ್ಷಣವಿಲ್ಲ, ಆದರೂ ನೀರಿಲ್ಲ ಎಂದರೆ ಜಾಲರಿ ನೋಡಿ. ಜೊಂಡು, ಎಲೆ, ಪ್ಲಾಸ್ಟಿಕ್ ಚೀಲ. ಉಪ್ಪುನೀರಿನಲ್ಲಿ ಸದಾ ನಿಲ್ಲುವ ದೋಣಿಯಾದರೆ ತೂತಿಗೇ ಅಂಟಿ ಬೆಳೆದ ಚಿಪ್ಪುಗಳು. ಎಂಜಿನ್ ಆಫ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡ ಮೇಲಷ್ಟೇ ಹಿಂಬದಿಯಲ್ಲಿ ನೀರಿಗೆ ಕೈ ಇಳಿಸಿ.

ಜಾಲರಿಯೂ ಶುದ್ಧವಾಗಿದ್ದರೆ ಕೊನೆಯ ಅನುಮಾನ ಇಂಪೆಲ್ಲರ್ ಮೇಲೆ, ಅಂದರೆ ನೀರು ತಳ್ಳುವ ರೆಕ್ಕೆಯ ಚಕ್ರದ ಮೇಲೆ. ದೋಣಿ ದಡಕ್ಕೆ ಬಂದ ಮೇಲೆ ಬಿಚ್ಚಿ. ಹಲವು ಪಂಪುಗಳಲ್ಲಿ ಮೋಟಾರಿನ ಭಾಗವಷ್ಟೇ ತಿರುವಿದರೆ ಹೊರಬರುತ್ತದೆ, ಹೊರಕವಚ ದೋಣಿಯಲ್ಲೇ ಉಳಿಯುತ್ತದೆ. ರೆಕ್ಕೆ ಮುರಿದಿದೆಯೇ, ದಂಡ ತಿರುಗಿದರೂ ಚಕ್ರ ಜಾರುತ್ತಿದೆಯೇ ನೋಡಿ. ಮರಳಿ ಕೂರಿಸುವಾಗ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರು ಉಂಗುರ, ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಅದು ಮಡಚಿಕೊಂಡು ಕೂತರೆ ಸೋರುತ್ತದೆ.

ಪ್ರತಿ ಸಲವೂ ಗಾಳಿ ಕಟ್ಟಿಕೊಳ್ಳುತ್ತಿದ್ದರೆ

ಒಮ್ಮೆ ಆದರೆ ಗ್ರಹಚಾರ, ವಾರ ವಾರವೂ ಆದರೆ ಜೋಡಣೆಯ ದೋಷ. ಹೋಸ್ ಪೈಪು ಪಂಪಿನಿಂದ ತೊಟ್ಟಿಯವರೆಗೆ ಒಂದೇ ಸಮನೆ ಏರುತ್ತಾ ಹೋಗಬೇಕು. ನಡುವೆ ಒಮ್ಮೆ ಇಳಿದು ಮತ್ತೆ ಹತ್ತಿದರೆ ಆ ಡುಬ್ಬಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪಂಪಿನ ಹೊರಹರಿವಿನ ಬಾಯಿ ಕೆಳಮುಖವಾಗಿದ್ದರೂ ಇದೇ ಕಥೆ. ಪೈಪನ್ನು ಸ್ವಲ್ಪ ಕತ್ತರಿಸಿ ನೇರ ಮಾಡಿದರೆ, ಒಂದೆರಡು ಕಡೆ ಕ್ಲಿಪ್ ಹಾಕಿ ಎತ್ತಿ ಕಟ್ಟಿದರೆ ವರ್ಷಗಳ ತಲೆನೋವು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ವೇಗವಾಗಿ ಓಡುವಾಗ ಮಾತ್ರ ನೀರು ನಿಂತು, ನಿಧಾನಿಸಿದರೆ ಬರುತ್ತದೆಯೇ? ವೇಗದಲ್ಲಿ ದೋಣಿ ಮೇಲಕ್ಕೆದ್ದು ರಂಧ್ರ ನೀರಿನಿಂದ ಆಚೆ ಬರುತ್ತಿದೆ ಅಥವಾ ನೊರೆಯನ್ನು ನುಂಗುತ್ತಿದೆ. ಪಂಪಿನದೇನೂ ತಪ್ಪಿಲ್ಲ. ದೂರ ಓಡುವ ಮುನ್ನ ತೊಟ್ಟಿ ತುಂಬಿಸಿಕೊಂಡು, ಓಡುವಷ್ಟು ಹೊತ್ತು ಒಳಗಿನ ನೀರನ್ನೇ ಸುತ್ತಿಸುವ ವ್ಯವಸ್ಥೆಗೆ ಬದಲಾಯಿಸಿ.

ನೀರು ಬರುತ್ತದೆ, ಆದರೆ ಸಣ್ಣಗೆ

ಬಕೆಟ್ಟು ಮತ್ತು ಗಡಿಯಾರ ತನ್ನಿ. ಗಂಟೆಗೆ 500 ಗ್ಯಾಲನ್ ಎಂದು ಬರೆದ ಪಂಪಿನ ಲೆಕ್ಕ ಸುಮಾರು 1,900 ಲೀಟರ್. ಅಂದರೆ 10 ಲೀಟರಿನ ಬಕೆಟ್ಟು 20 ಸೆಕೆಂಡಿಗೆ ತುಂಬಬೇಕು. ನಿಜದಲ್ಲಿ ಅಷ್ಟು ಬರುವುದಿಲ್ಲ. ಆ ಅಂಕಿ ನೀರನ್ನು ಮೇಲೆತ್ತುವ ಶ್ರಮವಿಲ್ಲದಾಗಿನದು. ಪೈಪಿನ ಉದ್ದ, ತಿರುವು, ಎತ್ತರ ಎಲ್ಲವೂ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಹಾಗಾಗಿ ಪಂಪು ಚೆನ್ನಾಗಿರುವ ದಿನವೇ ಅಳೆದು, ಬಂದ ಸಮಯವನ್ನು ತೊಟ್ಟಿಯ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ. ಮುಂದೆ ಹೋಲಿಸಬೇಕಾದ್ದು ಅದರೊಂದಿಗೆ, ಡಬ್ಬಿಯ ಮೇಲಿನ ಅಂಕಿಯೊಂದಿಗಲ್ಲ.

ನಳಿಕೆಯನ್ನು ಬಿಚ್ಚಿ ನೋಡಿ. ಬರಿ ಪೈಪಿನಿಂದ ನೀರು ಜೋರಾಗಿ ಬಂದರೆ ನಳಿಕೆಯ ಸಣ್ಣ ತೂತುಗಳಲ್ಲಿ ಮರಳು ಅಥವಾ ಮೀನಿನ ಹುರುಪೆ ಕಟ್ಟಿದೆ, ಸೂಜಿ ಸಾಕು. ಹಾಗೇ ಸಣ್ಣಗೆ ಬಂದರೆ ಜಾಲರಿ ಅರ್ಧ ಕಟ್ಟಿರಬಹುದು, ಸಾಮಾನು ತುಂಬುವಾಗ ಪೈಪು ಹಿಸುಕಿರಬಹುದು.

ಇತ್ತೀಚೆಗೆ ಯಾರಾದರೂ ವೈರು ಮುಟ್ಟಿದ್ದರೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿರಬಹುದು. ಉಲ್ಟಾ ತಿರುಗುವ ಪಂಪು ಪೂರ್ತಿ ನಿಲ್ಲುವುದಿಲ್ಲ, ನೀರನ್ನು ಸೊರಗಿಸಿ ಕೊಡುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಈ ಬಗೆಯ ಹಲವು ಪಂಪುಗಳಲ್ಲಿ ಕಂದು ವೈರು ಪ್ಲಸ್ಸು, ಕಪ್ಪು ಮೈನಸ್ಸು. ನಿಮ್ಮ ಪಂಪಿನ ಲೇಬಲ್ ನೋಡಿಯೇ ಖಚಿತಪಡಿಸಿಕೊಳ್ಳಿ. ಇದೊಂದೂ ಅಲ್ಲದಿದ್ದರೆ ಪಂಪಿಗೆ ಸಾಕಷ್ಟು ವೋಲ್ಟೇಜು ತಲುಪುತ್ತಿಲ್ಲ. ಅದನ್ನು ಅಳೆಯುವ ಬಗೆ ಕೆಳಗಿದೆ.

ಸದ್ದೂ ಇಲ್ಲ, ನೀರೂ ಇಲ್ಲ

ಸ್ವಿಚ್ಚಿನಲ್ಲಿ ಮ್ಯಾನ್ಯುಯಲ್, ಟೈಮರ್ ಎಂಬ ಎರಡು ಸ್ಥಾನಗಳಿದ್ದರೆ ಎರಡನ್ನೂ ಹಾಕಿ ನೋಡಿ. ಮ್ಯಾನ್ಯುಯಲ್‌ನಲ್ಲಿ ಓಡಿ ಟೈಮರ್‌ನಲ್ಲಿ ಓಡದಿದ್ದರೆ ಕೆಟ್ಟದ್ದು ಟೈಮರ್. ಅಂದಿನ ಬೇಟೆ ಮುಗಿಯುವವರೆಗೆ ಮ್ಯಾನ್ಯುಯಲ್‌ನಲ್ಲೇ ಓಡಿಸಿ, ಬ್ಯಾಟರಿಯ ಮೇಲೆ ಕಣ್ಣಿರಲಿ. ಟೈಮರ್‌ನ ಬಿಡುವಿನ ವೇಳೆಯಲ್ಲಿ ಪಂಪು ಸುಮ್ಮನಿರುವುದು ಸಹಜ. ಅದನ್ನೇ ಕೆಟ್ಟಿದೆ ಎಂದುಕೊಂಡು ಎಲ್ಲ ಬಿಚ್ಚಿ ಹಾಕಬೇಡಿ.

ಮುಂದಿನದು ಫ್ಯೂಸು. ಕಣ್ಣಿಗೆ ಚೆನ್ನಾಗಿ ಕಂಡರೂ ಕಿತ್ತು ನೋಡಿ. ಕಾಲುಗಳಲ್ಲಿ ಕಿಲುಬು ಹಿಡಿದರೆ ಹಾರದಿದ್ದರೂ ಕರೆಂಟು ದಾಟುವುದಿಲ್ಲ. ಆಮೇಲೆ ಬ್ಯಾಟರಿ. ತುಸು ಹೊತ್ತು ಸುಮ್ಮನಿದ್ದ, ತುಂಬಿದ ಸೀಸ-ಆಮ್ಲದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ.

ಇವೆಲ್ಲ ಸರಿಯಿದ್ದರೆ ಪಂಪಿನ ಬಳಿಯ ಜೋಡಣೆಗೆ ಬನ್ನಿ. ನಾನು ದುಡ್ಡು ಕಳೆದುಕೊಂಡದ್ದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಲ್ಟಿಮೀಟರ್ ಹಿಡಿದಾಗ ನನಗೆ ಪೂರ್ತಿ 12 ವೋಲ್ಟ್ ಕಂಡಿತ್ತು. ಕರೆಂಟು ಬರುತ್ತಿದೆ, ಪಂಪೇ ಸತ್ತಿದೆ ಎಂದು ತೀರ್ಮಾನಿಸಿದೆ. ಮೀಟರು ಎಳೆಯುವ ಕರೆಂಟು ಎಷ್ಟು ಕಡಿಮೆಯೆಂದರೆ, ವೈರಿನ ಒಂದೇ ಎಳೆ ಉಳಿದಿದ್ದರೂ ಅದು 12 ಎಂದೇ ತೋರಿಸುತ್ತದೆ. ಪಂಪು ಕೆಲವು ಆಂಪಿಯರ್ ಕೇಳಿದಾಗಲಷ್ಟೇ ಆ ಎಳೆಯ ಬಂಡವಾಳ ಬಯಲಾಗುವುದು. ಆದ್ದರಿಂದ ಪಂಪಿನ ವೈರುಗಳಿಗೆ ಒಂದು ಟೆಸ್ಟ್ ಲ್ಯಾಂಪ್ ಹಿಡಿಯಿರಿ, ಎಲ್‌ಇಡಿ ಅಲ್ಲದ, ತಂತಿಯ ಬಲ್ಬಿನದು. ಪ್ರಕಾಶಮಾನವಾಗಿ ಉರಿದರೆ ದಾರಿ ಸರಿ, ಮಿಣುಕಿದರೆ ಜೋಡಣೆ ಕೊಳೆತಿದೆ.

ಲ್ಯಾಂಪಿಲ್ಲದೆ ಮೀಟರಿನಲ್ಲೇ ಅಳೆಯಬೇಕೆಂದರೆ ಪಂಪು ಆನ್ ಇರುವಾಗಲೇ ಅಳೆಯಿರಿ. ಬ್ಯಾಟರಿಯ ಮೇಲೆ 12.4, ಪಂಪಿನ ವೈರುಗಳ ಮೇಲೆ 10.5 ಬಂತೆನ್ನಿ, ಉಳಿದ 1.9 ವೋಲ್ಟ್ ದಾರಿಯಲ್ಲಿ ಸೋರಿಹೋಗಿದೆ. ಎಲ್ಲಿ ಎಂದು ತಿಳಿಯಲು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಪಂಪಿನ ಪ್ಲಸ್ಸು ವೈರಿಗೆ ಇಡಿ. ಮೀಟರು ತೋರಿಸುವ ಅಂಕಿಯೇ ಆ ಬದಿಯ ನಷ್ಟ. ಹಾಗೇ ಮೈನಸ್ಸಿನಿಂದ ಮೈನಸ್ಸಿಗೆ. ನಷ್ಟ ಒಟ್ಟಾರೆ 1 ವೋಲ್ಟ್ ದಾಟಿದರೆ ದುರಸ್ತಿ ಆಗಲೇಬೇಕು. ಎಲ್ಲರೂ ಪ್ಲಸ್ಸಿನ ಬದಿಯನ್ನೇ ಕೆದಕುತ್ತಾರೆ. ಮೈನಸ್ಸು ವೈರು ಯಾರಿಗೂ ಕಾಣದ ಮೂಲೆಯಲ್ಲಿ ಕಿಲುಬು ಹಿಡಿದು ಕೂತಿರುತ್ತದೆ.

ಕೊಳೆತ ಜೋಡಣೆಯನ್ನು ಉಜ್ಜಿ ಮತ್ತೆ ಟೇಪು ಸುತ್ತಬೇಡಿ. ತಾಮ್ರ ಹೊಳೆಯುವವರೆಗೆ ವೈರು ಹಿಂದಕ್ಕೆ ಕತ್ತರಿಸಿ. ಕಪ್ಪಾದ ತಾಮ್ರ ಕೆಲವೊಮ್ಮೆ ಒಂದು ಅಡಿಯವರೆಗೂ ಒಳಗೆ ಹೋಗಿರುತ್ತದೆ. ತವರ ಲೇಪಿಸಿದ ವೈರು, ಕಾಯಿಸಿದಾಗ ಒಳಗಿನ ಅಂಟು ಕರಗಿ ಬಿಗಿದುಕೊಳ್ಳುವ ಕನೆಕ್ಟರ್ ಬಳಸಿ. ಜೋಡಣೆ ತಳದ ನೀರು ತಾಕದಷ್ಟು ಎತ್ತರದಲ್ಲಿರಲಿ.

ಇಷ್ಟಾದರೂ ಮೌನವೇ ಎಂದರೆ ಪಂಪಿಗೆ ನೇರ ಪರೀಕ್ಷೆ. ದಡದಲ್ಲಿ ಅದನ್ನು ಬಿಚ್ಚಿ ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಫ್ಯೂಸು ಇರುವ ಎರಡು ವೈರುಗಳಿಂದ ಬ್ಯಾಟರಿಗೆ ಜೋಡಿಸಿ. ಬ್ಯಾಟರಿಯ ಸುತ್ತ ಜಲಜನಕ ಅನಿಲ ಇರಬಹುದು, ಆದ್ದರಿಂದ ಕಿಡಿ ಬರುವ ಕೊನೆಯ ಜೋಡಣೆಯನ್ನು ಅದರಿಂದ ದೂರದಲ್ಲಿ, ಪಂಪಿನ ಕಡೆ ಮಾಡಿ. ಹೀಗೂ ತಿರುಗದಿದ್ದರೆ ಮೋಟಾರು ಮುಗಿದಿದೆ. ಅದರ ಒಳಗನ್ನು ರಿಪೇರಿ ಮಾಡುವ ಗೋಜಿಗೆ ಹೋಗಬೇಡಿ, ಆ ಭಾಗವನ್ನೇ ಬದಲಾಯಿಸಿ.

ಗುಂಯ್‌ಗುಡುತ್ತದೆ, ತಿರುಗುವುದಿಲ್ಲ, ಅಥವಾ ಫ್ಯೂಸು ಹಾರುತ್ತಲೇ ಇರುತ್ತದೆ

ಏನೋ ಸಿಕ್ಕಿಕೊಂಡಿದೆ. ಹೆಚ್ಚಾಗಿ ಗಾಳದ ದಾರ: ದಂಡಕ್ಕೆ ಸುತ್ತಿಕೊಂಡು ಬಿಗಿದಿರುತ್ತದೆ, ಸೀಲನ್ನೂ ಕೊಯ್ಯುತ್ತದೆ. ಕರೆಂಟು ತೆಗೆದು, ಬಿಚ್ಚಿ, ಬೆರಳಿನಿಂದ ತಿರುಗಿಸಿ ನೋಡಿ. ಹಗುರವಾಗಿ ತಿರುಗಬೇಕು. ಕರೆಂಟಿರುವಾಗ ಬೆರಳು ಹಾಕಬೇಡಿ. ಸಿಕ್ಕು ಬಿಟ್ಟ ಕ್ಷಣವೇ ಅದು ತಿರುಗುತ್ತದೆ.

ಒಂದು ತಪ್ಪು ತಿಳಿವಳಿಕೆ ಇಲ್ಲಿ ಬಹಳ. ಪೈಪು ಕಟ್ಟಿಕೊಂಡರೆ ಪಂಪಿಗೆ ಶ್ರಮ ಹೆಚ್ಚಾಗಿ ಫ್ಯೂಸು ಹಾರುತ್ತದೆ ಎನ್ನುತ್ತಾರೆ. ಈ ಜಾತಿಯ ಪಂಪಿನಲ್ಲಿ ಉಲ್ಟಾ: ಹರಿವು ನಿಂತರೆ ಅದು ಎಳೆಯುವ ಕರೆಂಟೂ ಇಳಿಯುತ್ತದೆ. ಫ್ಯೂಸು ಹಾರಿದೆ ಎಂದರೆ ಚಕ್ರ ಸಿಕ್ಕಿದೆ, ಮೋಟಾರು ಜಖಂ ಆಗಿದೆ ಅಥವಾ ವೈರು ಎಲ್ಲೋ ಶಾರ್ಟ್ ಆಗಿದೆ. ಪಂಪಿನ ವೈರು ಬಿಡಿಸಿದ ಮೇಲೂ ಹಾರಿದರೆ ಶಾರ್ಟ್ ಖಚಿತ.

ದೊಡ್ಡ ಫ್ಯೂಸು ಹಾಕಿ ಪಾರಾಗುವ ಯೋಚನೆ ಬೇಡವೇ ಬೇಡ. ಆಗ ಸುಡುವುದು ಫ್ಯೂಸಲ್ಲ, ಗೋಡೆಯೊಳಗಿನ ವೈರು. ಪಂಪಿನ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅಷ್ಟೇ. ಶಾರ್ಟ್ ಎಲ್ಲಿದೆಯೆಂದು ಸಿಗದಿದ್ದರೆ, ವೈರು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ ದೋಣಿಯ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ.

ಆಫ್ ಮಾಡಿದರೂ ತೊಟ್ಟಿ ತುಂಬುತ್ತದೆ, ಅಥವಾ ತಾನೇ ಖಾಲಿಯಾಗುತ್ತದೆ

ಮೋಟಾರಿನ ಸದ್ದಿದ್ದರೆ ಸ್ವಿಚ್ಚು ಅಂಟಿಕೊಂಡಿದೆ. ಸದ್ದಿಲ್ಲದೆ ಬರುತ್ತಿದ್ದರೆ ತೊಟ್ಟಿಯ ತಳ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದೆ, ನೀರು ತಾನಾಗಿ ಹರಿದು ಬರುತ್ತಿದೆ. ಹಿಂಬದಿಯಲ್ಲಿ ಭಾರ ಹೆಚ್ಚಾದಾಗ ಇದು ಕಾಣಿಸುತ್ತದೆ. ವಾಲ್ವ್ ಮುಚ್ಚುವ ರೂಢಿ ಇಟ್ಟುಕೊಳ್ಳಿ. ಖಾಲಿಯಾಗುತ್ತಿದ್ದರೆ ತಳದ ಬಿರಡೆಯ ರಬ್ಬರು ಸವೆದಿರಬಹುದು ಅಥವಾ ಪೈಪಿನ ಒಮ್ಮುಖ ವಾಲ್ವ್‌ನಲ್ಲಿ ಕಸ ಸಿಕ್ಕಿರಬಹುದು.

ದೋಣಿಯ ತಳದಲ್ಲಿ ನೀರು ಸೇರುತ್ತಿದೆ

ಇಲ್ಲಿ ಪಂಪು, ಮೀನು ಎರಡನ್ನೂ ಬದಿಗಿಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಲೈವ್‌ವೆಲ್ ಆಫ್ ಮಾಡಿ, ವಾಲ್ವ್ ಮುಚ್ಚಿ, ತಳದ ನೀರು ಹೊರಹಾಕುವ ಪಂಪು ಓಡಿಸಿ, ದಡದ ಕಡೆ ತಿರುಗಿ. ಲೈವ್‌ವೆಲ್ ಆಫ್ ಮಾಡಿದ ಮೇಲೆ ನೀರು ಏರುವುದು ನಿಂತರೆ ಪಂಪಿನಾಚೆಯ ಹೋಸಾಗಲಿ ಕ್ಲಾಂಪಾಗಲಿ ಬಿಟ್ಟಿದೆ. ವಾಲ್ವ್ ಮುಚ್ಚಿದರೂ ಏರುತ್ತಿದ್ದರೆ ತಳದ ಫಿಟ್ಟಿಂಗೇ ಬಿರುಕು ಬಿಟ್ಟಿರಬಹುದು. ಅಂಥ ಹೊತ್ತಿಗೆಂದೇ ಮೊನಚಾದ ಮರದ ಬಿರಡೆಯೊಂದನ್ನು ಕೈಗೆ ಸಿಗುವಲ್ಲಿ ಇಟ್ಟಿರಬೇಕು. ತೂತಿಗೆ ಬಡಿದು ಕೂರಿಸಿ, ಸಹಾಯಕ್ಕೆ ಕರೆ ಮಾಡಿ. ತಳದ ಫಿಟ್ಟಿಂಗ್ ಬದಲಾಯಿಸುವುದು ದೋಣಿ ಕಟ್ಟುವವರ ಕೆಲಸ, ಮನೆಯಲ್ಲಿ ಸಿಲಿಕೋನ್ ಮೆತ್ತಿ ಮುಗಿಸುವಂಥದ್ದಲ್ಲ.

ಪಂಪು ಸರಿಯಿದೆ, ಮೀನು ಮಾತ್ರ ಸಾಯುತ್ತಿದೆ

20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿನೀರಿನಲ್ಲಿ ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚು, ಇರುವುದು ಕಡಿಮೆ. ಹಾಗಾಗಿ ನಿನ್ನೆ ಸಾಕಾಗಿದ್ದ ಹರಿವು ಇಂದಿನ ಬಿಸಿಲಿಗೆ ಸಾಲದೆ ಹೋಗಬಹುದು. ಟೈಮರ್ ಬಿಟ್ಟು ನಿರಂತರವಾಗಿ ಓಡಿಸಿ, ತೊಟ್ಟಿಯಲ್ಲಿ ಮೀನು ಕಡಿಮೆ ಮಾಡಿ.

ಒಳಗಿನ ನೀರನ್ನೇ ಗಂಟೆಗಟ್ಟಲೆ ಸುತ್ತಿಸಿದರೆ ಮೀನಿನ ಹೊಲಸಿನಿಂದ ಅಮೋನಿಯ ಏರುತ್ತದೆ. ಮೇಲೆ ಒಡೆಯದ ನೊರೆ ನಿಂತಿತೆಂದರೆ ನೀರು ಬದಲಾಯಿಸುವ ಹೊತ್ತು. ಇನ್ನೊಂದು, ಹೊರಡುವ ಮೊದಲು ಮನೆಯ ನಲ್ಲಿ ನೀರನ್ನೇ ತೊಟ್ಟಿಗೆ ತುಂಬಿಸಿಕೊಂಡು ಬರುವವರಿದ್ದಾರೆ. ಅದರಲ್ಲಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಮೀನು ಹಿಡಿಯುವ ನೀರನ್ನೇ ತುಂಬಿ.